ಬೆಂಗಳೂರಿನ ಹೂಮರಗಳನ್ನೆಲ್ಲ ನೆಟ್ಟವರು ಕ್ರುಂಬಿಗಲ್ ಅವರೇ? ಫಾರ್ವರ್ಡ್ ಹೇಳದ ಅರ್ಧ ಕಥೆ

ಪ್ರತಿ ವರ್ಷ ಜನವರಿ ಹತ್ತಿರವಾಗುತ್ತಿದ್ದಂತೆ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಫೋಟೊಗಳು ಓಡಾಡಲು ಶುರುವಾಗುತ್ತವೆ. ರಸ್ತೆಯ ಬದಿಯಲ್ಲಿ ಎಲೆಯೇ ಕಾಣದಷ್ಟು ಗುಲಾಬಿ ಬಣ್ಣದ ಹೂ, ಕೆಳಗೆ ಇದು ಜಪಾನ್ ಅಲ್ಲ, ನಮ್ಮ ಬೆಂಗಳೂರು ಎಂಬ ಒಕ್ಕಣೆ. ಸ್ವಲ್ಪ ಉದ್ದದ ಫಾರ್ವರ್ಡ್ ಆಗಿದ್ದರೆ ಅದರಲ್ಲಿ ಒಬ್ಬ ಜರ್ಮನ್ ತೋಟಗಾರರ ಹೆಸರೂ ಇರುತ್ತದೆ: ಕ್ರುಂಬಿಗಲ್. ಈ ಮರಗಳನ್ನೆಲ್ಲ ಹೊರದೇಶದಿಂದ ತಂದು ನೆಟ್ಟವರು ಅವರೇ, ಲಾಲ್‌ಬಾಗಿನ ಗಾಜಿನ ಮನೆ ಕಟ್ಟಿಸಿದವರೂ ಅವರೇ ಎಂದು ಅದು ಹೇಳುತ್ತದೆ.

ಇದರಲ್ಲಿ ನಿಜವೂ ಇದೆ, ಸುಳ್ಳೂ ಬೆರೆತಿದೆ. ಗಾಜಿನ ಮನೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಅದಕ್ಕೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್‌ನಲ್ಲಿ. ಆಗ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದವರು ಜಾನ್ ಕ್ಯಾಮರಾನ್. ಕ್ರುಂಬಿಗಲ್ ಆ ಹೊತ್ತಿಗೆ ಇನ್ನೂ ಭಾರತಕ್ಕೇ ಬಂದಿರಲಿಲ್ಲ, ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದರು. ಮರಗಳ ವಿಷಯ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಅದಕ್ಕೆ ಅವರ ಜೀವನವನ್ನೇ ಸ್ವಲ್ಪ ನೋಡಬೇಕು. ನೋಡಿದರೆ ನಿಮ್ಮ ಮನೆಯ ಕಾಂಪೌಂಡಿನೊಳಗೆ ಮುಂದಿನ ಮಳೆಗಾಲಕ್ಕೆ ನೆಡುವ ಗಿಡಕ್ಕೂ ಉಪಯೋಗವಾಗುವ ಕೆಲವು ವಿಷಯ ಸಿಗುತ್ತವೆ.

ಚಳಿಯ ಊರಿನ ಹುಡುಗ

ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಡ್ರೆಸ್ಡೆನ್ ನಗರದ ಹತ್ತಿರದ ಲೋಹ್ಮೆನ್ ಎಂಬ ಊರಿನಲ್ಲಿ. ತೋಟಗಾರಿಕೆಯ ಪಾಠ ಕಲಿತದ್ದು ಅಲ್ಲೇ ಸಮೀಪದ ಪಿಲ್ನಿಟ್ಸ್‌ನಲ್ಲಿ. ಆಮೇಲೆ ಶ್ವೆರಿನ್, ಹ್ಯಾಂಬರ್ಗ್ ಎಂದು ಊರೂರು ಸುತ್ತಿ ಕೆಲಸ ಮಾಡಿದರು. 1888ರಲ್ಲಿ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂಪಾತಿಗಳ ಕೆಲಸ ಮಾಡಿದರು. ಅಲ್ಲಿಂದ ಕ್ಯೂ ಸಸ್ಯೋದ್ಯಾನ ಸೇರಿದರು.

ಆ ಕಾಲದ ಕ್ಯೂ ಬರೀ ತೋಟವಾಗಿರಲಿಲ್ಲ. ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಗಿಡ, ಬೀಜ ಕಳಿಸುವ ಮತ್ತು ತರಿಸುವ ದೊಡ್ಡ ಕೇಂದ್ರ ಅದು. ವಾರಗಟ್ಟಲೆ ಸಮುದ್ರ ಪ್ರಯಾಣದಲ್ಲಿ ಗಿಡ ಸಾಯದಂತೆ ಸಾಗಿಸಲು ಅವರು ಬಳಸುತ್ತಿದ್ದದ್ದು ವಾರ್ಡ್ ಪೆಟ್ಟಿಗೆ. ಮರದ ಚೌಕಟ್ಟು, ಮೇಲೆ ಗಾಜು, ಗಾಳಿ ನುಸುಳದಂತೆ ಮುಚ್ಚಿದ ಪೆಟ್ಟಿಗೆ. ಒಳಗಿನ ಗಿಡದ ಎಲೆಯಿಂದ, ಮಣ್ಣಿನಿಂದ ಆವಿಯಾದ ನೀರು ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಬೀಳುತ್ತಿತ್ತು. ಹೀಗಾಗಿ ತಿಂಗಳುಗಟ್ಟಲೆ ನೀರು ಹಾಕದಿದ್ದರೂ ಗಿಡ ಬದುಕುತ್ತಿತ್ತು. ಉಪ್ಪು ಗಾಳಿಯೂ ತಾಗುತ್ತಿರಲಿಲ್ಲ. ಇಂದು ಆನ್‌ಲೈನ್‌ನಲ್ಲಿ ಮುಚ್ಚಿದ ಗಾಜಿನ ಬಾಟಲಿಯಲ್ಲಿ ಗಿಡ ಬೆಳೆಸಿ ಮಾರುತ್ತಾರಲ್ಲ, ಅದೂ ಇದೇ ತತ್ವ.

ಆದರೆ ಪೆಟ್ಟಿಗೆಯಿಂದ ತೆಗೆದು ನೇರ ಬಿಸಿಲಿಗೆ ಇಟ್ಟರೆ ಆ ಗಿಡ ಒಂದೆರಡು ದಿನದಲ್ಲಿ ಬಾಡುತ್ತದೆ. ತೇವದ ಗಾಳಿಯಲ್ಲಿ ಬೆಳೆದ ಎಲೆ ಮೆತ್ತಗಿರುತ್ತದೆ, ನೀರನ್ನು ಬಿಗಿಹಿಡಿಯುವ ಅಭ್ಯಾಸ ಅದಕ್ಕಿರುವುದಿಲ್ಲ. ನರ್ಸರಿಯ ಹಸಿರು ಬಲೆಯ ನೆರಳಿನಿಂದ ತಂದ ಗಿಡವನ್ನು ಅದೇ ಮಧ್ಯಾಹ್ನ ತಾರಸಿಯ ಬಿಸಿಲಿನಲ್ಲಿ ಇಟ್ಟಾಗ ಆಗುವುದೂ ಇದೇ. ತಂದ ಗಿಡವನ್ನು ಒಂದು ವಾರ, ಹತ್ತು ದಿನ ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಟ್ಟು, ಆಮೇಲೆ ನೆಲಕ್ಕೆ ಇಳಿಸಿ. ನರ್ಸರಿಯವರು ಮೋಸ ಮಾಡಿದರು ಎಂಬ ದೂರುಗಳಲ್ಲಿ ಎಷ್ಟೋ ಇಲ್ಲೇ ತಪ್ಪಿಹೋಗುತ್ತವೆ.

ಬರೋಡದಿಂದ ಬೆಂಗಳೂರಿಗೆ

1893ರಲ್ಲಿ ಕ್ರುಂಬಿಗಲ್ ಭಾರತಕ್ಕೆ ಬಂದರು. ಕರೆಸಿಕೊಂಡವರು ಬರೋಡ ಸಂಸ್ಥಾನದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡ್. ಅಲ್ಲಿನ ಸಂಸ್ಥಾನದ ತೋಟಗಳನ್ನು ಸುಮಾರು ಹದಿನೈದು ವರ್ಷ ನೋಡಿಕೊಂಡರು.

ಚಳಿದೇಶದ ತೋಟಗಾರನಿಗೆ ಇಲ್ಲಿ ಕಲಿಯಬೇಕಾದ ಮೊದಲ ಪಾಠ ಕ್ಯಾಲೆಂಡರ್‌ನದು. ಅವರ ಹುಟ್ಟೂರು ಭೂಮಧ್ಯರೇಖೆಯಿಂದ 51 ಡಿಗ್ರಿ ಉತ್ತರಕ್ಕಿದೆ. ಅಲ್ಲಿ ಡಿಸೆಂಬರ್‌ನಲ್ಲಿ ಹಗಲು ಸುಮಾರು 8 ಗಂಟೆ, ಜೂನ್‌ನಲ್ಲಿ 16 ಗಂಟೆಗೂ ಹೆಚ್ಚು. ಮರಗಳು ಯಾವಾಗ ಎಲೆ ಉದುರಿಸಬೇಕು, ಯಾವಾಗ ಚಿಗುರಬೇಕು ಎಂಬುದನ್ನು ಚಳಿಯೂ ಹಗಲಿನ ಉದ್ದವೂ ತೀರ್ಮಾನಿಸುತ್ತವೆ. ಬೆಂಗಳೂರು ಇರುವುದು 13 ಡಿಗ್ರಿಯಲ್ಲಿ. ಇಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ಉದ್ದದ ಹಗಲಿಗೂ ಇರುವ ಅಂತರ ಬರೀ ಒಂದೂವರೆ ಗಂಟೆ. ಇಲ್ಲಿ ಮರದ ವರ್ಷವನ್ನು ಹೆಚ್ಚಾಗಿ ನಡೆಸುವುದು ಮಳೆ. ಮಳೆ ನಿಂತು, ಮಣ್ಣು ಒಣಗಿ, ಎಲೆ ಉದುರಿ, ಬಿಸಿಲು ಏರುವ ಹೊತ್ತಿಗೆ ಎಷ್ಟೋ ಮರಗಳು ಹೂ ಬಿಡುತ್ತವೆ. ಎಲೆ ಇಲ್ಲದ ಕೊಂಬೆಯಲ್ಲಿ ಹೂ ದೂರದಿಂದಲೇ ಕಾಣುತ್ತದೆ, ದುಂಬಿಗೂ ಹಕ್ಕಿಗೂ ದಾರಿ ಸಲೀಸು. ಫೋಟೊ ತೆಗೆಯುವವರಿಗೂ.

1908ರಲ್ಲಿ ಮೈಸೂರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಹ್ವಾನದ ಮೇಲೆ ಕ್ರುಂಬಿಗಲ್ ಬೆಂಗಳೂರಿಗೆ ಬಂದರು. ಕ್ಯಾಮರಾನ್ ಆಗಷ್ಟೇ ನಿವೃತ್ತರಾಗಿದ್ದರು. 1874ರಿಂದ ಲಾಲ್‌ಬಾಗನ್ನು ಬೆಳೆಸಿದ್ದ ಮನುಷ್ಯ ಅವರು. ನಾವಿಂದು ಸಾಂಬಾರಿಗೆ ಹಾಕುವ ಸೀಮೆಬದನೆ ನಮ್ಮಲ್ಲಿಗೆ ಬಂದದ್ದೂ ಅವರ ಕಾಲದಲ್ಲಿ. ಅಂಥವರ ಜಾಗಕ್ಕೆ, ಬ್ರಿಟಿಷರ ಕಣ್ಗಾವಲಿನಲ್ಲಿದ್ದ ಸಂಸ್ಥಾನದಲ್ಲಿ, ಒಬ್ಬ ಜರ್ಮನ್ನರನ್ನು ಕೂರಿಸುವುದು ಸಲೀಸಾದ ಮಾತಲ್ಲ. ಯುರೋಪಿನಲ್ಲಿ ಬ್ರಿಟನ್, ಜರ್ಮನಿ ಒಬ್ಬರನ್ನೊಬ್ಬರು ಗುರುಗುಟ್ಟಿ ನೋಡುತ್ತಿದ್ದ ದಿನಗಳು ಅವು.

ಆರು ವರ್ಷದಲ್ಲಿ ಯುದ್ಧವೇ ಬಂತು. 1914ರ ನಂತರ ಭಾರತದಲ್ಲಿದ್ದ ಜರ್ಮನ್ನರು ಶತ್ರು ದೇಶದ ಪ್ರಜೆಗಳಾದರು. ಮಂಗಳೂರಿನಲ್ಲಿ ತಲೆಮಾರುಗಳಿಂದ ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ನಡೆಸುತ್ತಿದ್ದ ಬಾಸೆಲ್ ಮಿಷನ್‌ನ ಜರ್ಮನ್ನರನ್ನು ಬಂಧಿಸಿದರು, ಕಾರ್ಖಾನೆಗಳು ಬೇರೆಯವರ ಕೈ ಸೇರಿದವು. ಕ್ರುಂಬಿಗಲ್ ಮಾತ್ರ ಮಹಾರಾಜರ ಸೇವೆಯಲ್ಲಿ ಉಳಿದರು. ಅವರ ಹುದ್ದೆ 1932ರವರೆಗೂ ಮುಂದುವರಿಯಿತು. ಆ ಹುದ್ದೆ ಆಗಲೇ ಹೋಗಿದ್ದರೆ ಬೆಂಗಳೂರಿನ ಹಳೆಯ ಬಡಾವಣೆಗಳ ರಸ್ತೆಗಳು ಬೇರೆ ಥರ ಇರುತ್ತಿದ್ದವು.

ಸರದಿ ಹೂವಿನ ಲೆಕ್ಕ

ಅವರು ಬಂದಾಗ ಬೆಂಗಳೂರು ಬೆಳೆಯುತ್ತಿದ್ದ ಊರು. 1890ರ ದಶಕದಲ್ಲಿ ಹುಟ್ಟಿದ ಬಸವನಗುಡಿ, ಮಲ್ಲೇಶ್ವರ ಇನ್ನೂ ಹೊಸ ಬಡಾವಣೆಗಳು. 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆ ನೀರೂ ಬಂದಿತ್ತು. ಅಗಲ ರಸ್ತೆ, ಮನೆ ಮುಂದೆ ಜಾಗ, ನೀರು ಮೂರೂ ಇದ್ದವು.

ಅಲ್ಲಿ ಕ್ರುಂಬಿಗಲ್ ಮಾಡಿದ ಯೋಜನೆಯನ್ನು ಸರದಿ ಹೂವಿನ ಯೋಜನೆ ಎನ್ನಬಹುದು. ಒಂದೊಂದು ಕಾಲಕ್ಕೆ ಹೂ ಬಿಡುವ ಬೇರೆ ಬೇರೆ ಜಾತಿಯ ಮರಗಳನ್ನು ಆರಿಸಿ, ಊರಿನ ರಸ್ತೆಗಳಲ್ಲಿ ಹಂಚಿ ನೆಡುವುದು. ಒಂದು ಮರ ಮುಗಿಸುವ ಹೊತ್ತಿಗೆ ಇನ್ನೊಂದು ಶುರು ಮಾಡಬೇಕು. ವರ್ಷದ ಯಾವ ತಿಂಗಳಲ್ಲಿ ನಡೆದರೂ ಊರಿನಲ್ಲಿ ಎಲ್ಲೋ ಒಂದು ಕಡೆ ಹೂ ಇರಬೇಕು.

ಇಂದಿಗೂ ಬೆಂಗಳೂರಿನ ಹೂಮರಗಳನ್ನು ಗಮನಿಸಿದರೆ ಆ ಸರದಿ ಕಾಣುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹಳದಿ ಟಬೂಬಿಯ. ಅದರ ಹಿಂದೆಯೇ ನೇರಳೆ ಬಣ್ಣದ ಜಕರಂಡ. ಬಿಸಿಲು ಏರಿದಾಗ ಗುಲ್‌ಮೊಹರ್, ಹೊಳೆದಾಸವಾಳ. ಮಳೆ ಮುಗಿಯುತ್ತಿದ್ದಂತೆ ಆಕಾಶಮಲ್ಲಿಗೆ, ಬೆಳಿಗ್ಗೆ ಎದ್ದು ನೋಡಿದರೆ ರಸ್ತೆಯೆಲ್ಲ ಬಿಳಿ. ಇವೆಲ್ಲ ಹೊರದೇಶದ ಮರಗಳಲ್ಲ, ಹೊಳೆದಾಸವಾಳ ನಮ್ಮ ಪಶ್ಚಿಮ ಘಟ್ಟದ ಹೊಳೆ ಬದಿಯದೇ. ಗುಲ್‌ಮೊಹರ್ ಮಡಗಾಸ್ಕರ್‌ನದು, ಜಕರಂಡ ಮತ್ತು ಟಬೂಬಿಯ ದಕ್ಷಿಣ ಅಮೆರಿಕದವು. ಹೊರದೇಶದ ಮರ ತರುವ ಪದ್ಧತಿ ಕ್ರುಂಬಿಗಲ್ ಅವರಿಂದ ಶುರುವಾಯಿತು ಎಂಬುದೂ ಸರಿಯಲ್ಲ. ಲಾಲ್‌ಬಾಗಿಗೆ ಹೊರಗಿನ ಗಿಡ ಬರುವುದು ಹೈದರ್ ಮತ್ತು ಟಿಪ್ಪುವಿನ ಕಾಲದಿಂದಲೇ ಇತ್ತು.

ಇಲ್ಲೊಂದು ಮಾತು. ಆ ಕಾಲದ ಆಯ್ಕೆಗಳನ್ನೆಲ್ಲ ಇಂದು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಬೆಂಗಳೂರಿನ ಉದ್ಯಾನಗಳಲ್ಲಿ ಕಾಣುವ, ಮೊಗ್ಗು ಹಿಸುಕಿದರೆ ನೀರು ಚಿಮ್ಮುವ ಆಫ್ರಿಕದ ನೀರುಕಾಯಿ ಮರ ಈಗ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಗುಲ್‌ಮೊಹರ್‌ನ ಕಟ್ಟಿಗೆ ಪೆಳಸು, ಗಾಳಿಮಳೆಗೆ ಕೊಂಬೆ ಮುರಿದು ಬೀಳುತ್ತದೆ. ಅಗಲ ರಸ್ತೆಗೆ, ಪಾರ್ಕಿಗೆ ಒಪ್ಪುವ ಮರ 30 ಅಡಿ 40 ಅಡಿ ಸೈಟಿಗೆ ಒಪ್ಪುವುದಿಲ್ಲ. ಮಳೆಮರದ ನೆರಳು ಚೆಂದ ಎಂದು ಮನೆ ಮುಂದೆ ನೆಟ್ಟವರು ಇಪ್ಪತ್ತು ವರ್ಷದ ಮೇಲೆ ಅದನ್ನು ಕಡಿಸಲು ಅರ್ಜಿ ಹಿಡಿದು ಓಡಾಡಬೇಕಾಗುತ್ತದೆ.

ಸರದಿಯ ಲೆಕ್ಕವನ್ನು ಮಾತ್ರ ಎಷ್ಟು ಸಣ್ಣ ಜಾಗಕ್ಕಾದರೂ ಇಳಿಸಬಹುದು. ನಾಲ್ಕು ಗಿಡ ಸಾಕು: ಬೇಸಿಗೆಗೆ ದುಂಡುಮಲ್ಲಿಗೆ, ಮಳೆಗಾಲದ ಕೊನೆಗೆ ಪಾರಿಜಾತ, ಚಳಿಗೆ ಕಾಕಡ, ಉಳಿದ ದಿನಗಳಿಗೆ ದಾಸವಾಳ. ನರ್ಸರಿಗೆ ಹೋದಾಗ ಅಂದು ಹೂ ಬಿಟ್ಟಿರುವ ಗಿಡಗಳನ್ನೇ ಎಲ್ಲರೂ ಆರಿಸುತ್ತಾರೆ. ಹಾಗೆ ಒಂದೇ ದಿನ ಕೊಂಡ ಗಿಡಗಳು ಒಂದೇ ತಿಂಗಳು ಹೂ ಬಿಟ್ಟು, ಉಳಿದ ಹನ್ನೊಂದು ತಿಂಗಳು ಸುಮ್ಮನಿರುತ್ತವೆ.

ನೆಡುವುದು ಒಂದು ದಿನದ ಕೆಲಸ, ಬೇರೂರಿಸುವುದು ಎರಡು ಬೇಸಿಗೆಯ ಕೆಲಸ

ಮರಗಳ ಪಟ್ಟಿ ಬರೆಯುವುದು ಸುಲಭ, ಅವು ಬದುಕುವುದು ಕಷ್ಟ. ಯಾರೋ ನೆಟ್ಟ ಗಿಡ ನೂರು ವರ್ಷ ನಿಂತಿದೆ ಎಂದರೆ ಮೊದಲ ಎರಡು ಬೇಸಿಗೆಯಲ್ಲಿ ಯಾರೋ ಅದಕ್ಕೆ ನೀರು ಹಾಕಿದ್ದಾರೆ ಎಂದು ಅರ್ಥ. ಇದಕ್ಕೆ ಕೈಗಳು ಬೇಕು ಎಂಬುದು ಕ್ರುಂಬಿಗಲ್ ಅವರಿಗೆ ಗೊತ್ತಿತ್ತು. ಲಾಲ್‌ಬಾಗಿನಲ್ಲಿ ತೋಟದ ಕೆಲಸದ ತರಬೇತಿ, ಮೈಸೂರು ತೋಟಗಾರಿಕಾ ಸಂಘ, ಬೇರೆ ದೇಶಗಳ ಸಸ್ಯೋದ್ಯಾನಗಳ ಜೊತೆ ಬೀಜದ ವಿನಿಮಯ ಇವೆಲ್ಲ ಅವರ ಕಾಲದ ಕೆಲಸಗಳು. ಇಂದಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಸಾಲುಗಟ್ಟಿ ನಿಲ್ಲುವವರು ಆ ಸಂಘದ ಪರಂಪರೆಯನ್ನೇ ನೋಡುತ್ತಿರುವುದು.

ಈಗ ನಿಮ್ಮ ಗಿಡಕ್ಕೆ ಬರೋಣ. ಮುಂದಿನ ಮಾತುಗಳು ಇಂದಿನ ಸಸ್ಯವಿಜ್ಞಾನದವು, ಕ್ರುಂಬಿಗಲ್ ಹೇಳಿದ್ದು ಎಂದು ಫಾರ್ವರ್ಡ್ ಮಾಡಬೇಡಿ.

ಬಹಳ ಜನ ನಂಬಿರುವ ಒಂದು ಮಾತು, ಗಿಡವನ್ನು ಎಷ್ಟು ಆಳಕ್ಕೆ ನೆಟ್ಟರೆ ಅಷ್ಟು ಗಟ್ಟಿ ಎಂಬುದು. ಇದು ತಪ್ಪು. ಬೇರಿಗೂ ಉಸಿರಾಟ ಇದೆ, ಅದಕ್ಕೆ ಆಮ್ಲಜನಕ ಬೇಕು. ಅದು ಸಿಗುವುದು ಮೇಲ್ಮಣ್ಣಿನ ಸಂದುಗಳಲ್ಲಿ. ದೊಡ್ಡ ಮರಗಳಲ್ಲೂ ನೀರು, ಗೊಬ್ಬರ ಹೀರುವ ಸಣ್ಣ ಬೇರುಗಳ ಬಹುಪಾಲು ಮೇಲಿನ ಒಂದೂವರೆ ಎರಡು ಅಡಿಯಲ್ಲೇ, ಕೊಂಬೆಗಳ ನೆರಳು ಬೀಳುವ ಜಾಗ ದಾಟಿ ಅಗಲಕ್ಕೆ ಹರಡಿರುತ್ತವೆ. ಕಾಂಡ ಮತ್ತು ಬೇರು ಸೇರುವ ಕತ್ತಿನ ಭಾಗವನ್ನು ಮಣ್ಣಿನಲ್ಲಿ ಹೂತರೆ ಅಲ್ಲಿನ ತೊಗಟೆ ಸದಾ ಒದ್ದೆಯಾಗಿ ಕೊಳೆಯುತ್ತದೆ. ಗಿಡ ತಕ್ಷಣ ಸಾಯುವುದಿಲ್ಲ. ಎರಡು ಮೂರು ವರ್ಷ ಕುಂಟುತ್ತಾ ಇದ್ದು ಆಮೇಲೆ ಹೋಗುತ್ತದೆ, ಅಷ್ಟರಲ್ಲಿ ಕಾರಣ ಮರೆತುಹೋಗಿರುತ್ತದೆ. ಆದ್ದರಿಂದ ಗಿಡದ ಕತ್ತು ನೆಲದ ಮಟ್ಟಕ್ಕೇ ಇರಲಿ. ಕಸಿ ಮಾವಿನ ಗಿಡವಾದರೆ ಕಸಿ ಕಟ್ಟಿದ ಗಂಟು ಮಣ್ಣಿನಿಂದ ಚೆನ್ನಾಗಿ ಮೇಲಿರಬೇಕು.

ಗುಂಡಿ ಆಳಕ್ಕಿಂತ ಅಗಲ ಇರಲಿ. ಗಿಡದ ಚೀಲ ಎಷ್ಟು ಎತ್ತರವೋ ಅಷ್ಟು ಆಳ, ಅದರ ಎರಡು ಮೂರು ಪಟ್ಟು ಅಗಲ. ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹೊಸ ಮನೆ ಕಟ್ಟಿದ ಜಾಗದಲ್ಲಂತೂ ಸಿಮೆಂಟು, ಜಲ್ಲಿ, ಇಟ್ಟಿಗೆ ಚೂರು ಸೇರಿ ಬೇರು ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಅಂಥ ಕಡೆ ಇನ್ನಷ್ಟು ಆಳಕ್ಕೆ ಅಗೆದು ಸಡಿಲ ಮಾಡಬೇಕಾಗಬಹುದು. ಆಗ ತೆಗೆದ ಮಣ್ಣನ್ನು ವಾಪಸ್ಸು ತುಂಬಿ, ತುಳಿದು, ನೀರು ಬಿಟ್ಟು ಕೂರಿಸಿ ಆಮೇಲೆ ಗಿಡ ಇಡಿ. ಇಲ್ಲದಿದ್ದರೆ ಒಂದು ಮಳೆಗೆ ಮಣ್ಣು ಕುಸಿದು ಗಿಡ ಆಳಕ್ಕೆ ಇಳಿದುಬಿಡುತ್ತದೆ.

ಚೀಲ ಹರಿದು ನೋಡಿದಾಗ ಬೇರುಗಳು ಸಿಂಬಿಯ ಹಾಗೆ ಸುತ್ತಿಕೊಂಡಿದ್ದರೆ ಬೆರಳಿನಿಂದ ಬಿಡಿಸಿ. ಬಿಡಿಸಲಾಗದ್ದನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ. ಬೇರು ಕತ್ತರಿಸಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಸುತ್ತಿದ ಬೇರು ಸುತ್ತುತ್ತಲೇ ದಪ್ಪವಾಗಿ, ಹತ್ತು ವರ್ಷದ ಮೇಲೆ ಮರದ ಕುತ್ತಿಗೆಯನ್ನೇ ಬಿಗಿಯುತ್ತದೆ. ಗಾಳಿಗೆ ಬುಡಸಮೇತ ಉರುಳಿದ ಕೆಲವು ಮರಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ.

ಗೊಬ್ಬರದ ವಿಷಯದಲ್ಲಿ ಪ್ರೀತಿ ಹೆಚ್ಚಾಗುವುದೇ ತೊಂದರೆ. ಹಸಿ ಸಗಣಿ ಮಣ್ಣಿನೊಳಗೆ ಕೊಳೆಯುವಾಗ ಬಿಸಿಯಾಗುತ್ತದೆ, ಅಮೋನಿಯ ಬಿಡುತ್ತದೆ. ಯೂರಿಯದಂಥ ರಸಗೊಬ್ಬರ ಗುಂಡಿಯಲ್ಲಿ ಬಿದ್ದರೆ ಮಣ್ಣಿನ ನೀರು ಗಾಢವಾಗಿ, ಬೇರು ನೀರು ಹೀರುವ ಬದಲು ಕಳೆದುಕೊಳ್ಳುತ್ತದೆ. ಉಪ್ಪು ಹಾಕಿದ ಮಾವಿನಕಾಯಿ ಹೋಳು ನೀರು ಬಿಡುತ್ತದಲ್ಲ, ಅದೇ ಕ್ರಿಯೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದೆರಡು ಬೊಗಸೆ ಮಣ್ಣಿಗೆ ಬೆರೆಸಿದರೆ ಸಾಕು. ಗುಂಡಿಯ ತುಂಬ ಬರೀ ಗೊಬ್ಬರ ತುಂಬಿದರೆ ಬೇರು ಆ ಮೆತ್ತನೆಯ ಜಾಗ ಬಿಟ್ಟು ಹೊರಗೆ ಹೋಗುವುದೇ ಇಲ್ಲ.

ನೀರು ಎಲ್ಲಕ್ಕಿಂತ ಮುಖ್ಯ, ಹೆಚ್ಚು ಗಿಡ ಸಾಯುವುದೂ ನೀರಿನ ತಪ್ಪಿಗೇ. ನೆಟ್ಟ ಮೊದಲ ಎರಡು ವಾರ ಬೇರೆಲ್ಲ ಆ ಚೀಲದಷ್ಟು ಮಣ್ಣಿನೊಳಗೇ ಇರುತ್ತದೆ. ಸುತ್ತಲಿನ ನೆಲ ಒದ್ದೆಯಾಗಿದ್ದರೂ ಆ ಉಂಡೆ ಒಣಗಿರಬಹುದು. ಆಗ ದಿನ ಬಿಟ್ಟು ದಿನ, ಬಿಸಿಲು ಜಾಸ್ತಿ ಇದ್ದರೆ ದಿನಾ, ಬುಡಕ್ಕೇ ನೀರು ಬೇಕು. ಆಮೇಲೆ ನೀರಿನ ಅಂತರ ಹೆಚ್ಚಿಸಿ, ಪ್ರಮಾಣವನ್ನೂ ಹೆಚ್ಚಿಸಿ. ದಿನಾ ಒಂದು ಚೊಂಬು ಹಾಕುವುದಕ್ಕಿಂತ ವಾರಕ್ಕೆರಡು ಸಲ ಒಂದೊಂದು ಬಕೆಟ್ ನಿಧಾನಕ್ಕೆ ಇಂಗಿಸುವುದು ಒಳ್ಳೆಯದು. ಚೊಂಬಿನ ನೀರು ಮೇಲಿನ ಎರಡು ಇಂಚು ದಾಟುವುದಿಲ್ಲ, ಬೇರೂ ಅಲ್ಲೇ ನಿಲ್ಲುತ್ತದೆ, ನೀವು ಹತ್ತು ದಿನ ಊರಿಗೆ ಹೋದರೆ ಗಿಡ ಒಣಗುತ್ತದೆ. ಅನುಮಾನ ಬಂದರೆ ಬೆರಳನ್ನು ಮಣ್ಣಿಗೆ ಚುಚ್ಚಿ ನೋಡಿ. ಒಳಗೆ ತಂಪಾಗಿ ಅಂಟಿಕೊಂಡರೆ ಅಂದು ನೀರು ಬೇಡ. ಎಲೆ ಬಾಡುವುದು ನೀರು ಕಡಿಮೆಯಾದಾಗ ಮಾತ್ರವಲ್ಲ, ಹೆಚ್ಚಾಗಿ ಬೇರು ಕೊಳೆತಾಗಲೂ ಬಾಡುತ್ತದೆ.

ಬುಡದ ಸುತ್ತ ಎರಡು ಮೂರು ಇಂಚು ತರಗೆಲೆ ಹಾಸಿ, ಕಾಂಡಕ್ಕೆ ತಾಗಿಸಬೇಡಿ. ಅಂಗಳ ಗುಡಿಸಿ ಬೆಂಕಿ ಹಾಕುವ ಎಲೆಯೇ ಇದಕ್ಕೆ ಸಾಕು. ಊರುಗೋಲು ಕೊಟ್ಟರೆ ಸಡಿಲವಾಗಿ ಬಟ್ಟೆಯಿಂದ ಕಟ್ಟಿ, ವರ್ಷದೊಳಗೆ ಬಿಚ್ಚಿಬಿಡಿ. ಗಾಳಿಗೆ ಓಲಾಡಿದಾಗಲೇ ಕಾಂಡ ದಪ್ಪವಾಗುವುದು. ಇನ್ನು ಕೊಂಬೆ ಕತ್ತರಿಸಿದ ಜಾಗಕ್ಕೆ ಡಾಂಬರು, ಬಣ್ಣ, ಸಗಣಿ ಬಳಿಯುವ ಅಭ್ಯಾಸ ನಮ್ಮಲ್ಲಿದೆ. ಅಮೆರಿಕದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, ಇದರಿಂದ ಕೊಳೆಯುವುದು ನಿಲ್ಲುವುದಿಲ್ಲ ಎಂದು ತೋರಿಸಿದರು. ಮರ ತನ್ನ ಗಾಯವನ್ನು ನಮ್ಮ ಚರ್ಮದ ಹಾಗೆ ವಾಸಿ ಮಾಡಿಕೊಳ್ಳುವುದಿಲ್ಲ. ಗಾಯದ ಸುತ್ತ ಒಳಗೊಳಗೇ ಗೋಡೆ ಕಟ್ಟಿ ಅದನ್ನು ಬೇರೆ ಮಾಡುತ್ತದೆ. ಕೊಂಬೆಯ ಬುಡದಲ್ಲಿರುವ ಉಬ್ಬನ್ನು ಬಿಟ್ಟು ಕತ್ತರಿಸಿದರೆ ಸಾಕು, ಉಳಿದದ್ದು ಅದರ ಕೆಲಸ.

ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆ, ಅದನ್ನೇ ಮನೆ ಮುಂದೆ ನೆಡಿ ಎಂಬ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಬೆಳಕಿಲ್ಲದೆ ಆಮ್ಲಜನಕ ತಯಾರಾಗುವುದಿಲ್ಲ. ಜೊತೆಗೆ ಅರಳಿಯ ಬೇರು ಮನೆಯ ಪಾಯಕ್ಕೆ ಏನು ಮಾಡುತ್ತದೆ ಎಂಬುದನ್ನು ಹಳೆಯ ಗೋಡೆ ಇರುವ ಯಾವ ಊರಿನಲ್ಲಾದರೂ ನೋಡಬಹುದು. ಅರಳಿಗೆ ಕಟ್ಟೆ ಬೇಕು, ಕಾಂಪೌಂಡು ಸಾಲದು.

ಬೃಂದಾವನ, ಮತ್ತೆ ಯುದ್ಧ

ಕ್ರುಂಬಿಗಲ್ ಹೂವಿನ ಮನುಷ್ಯ ಎಂದಷ್ಟೇ ನೆನಪಾಗುತ್ತಾರೆ. ಅವರು ಸಂಸ್ಥಾನದ ಆರ್ಥಿಕ ಸಸ್ಯಶಾಸ್ತ್ರಜ್ಞರೂ ಆಗಿದ್ದರು. ರೈತರ ಹೊಲಕ್ಕೆ ಯಾವ ಹೊಸ ಬೆಳೆ ಒಗ್ಗುತ್ತದೆ ಎಂದು ನೋಡುವುದೂ ಅವರ ಕೆಲಸ. ರೋಡ್ಸ್ ಹುಲ್ಲು, ರಷ್ಯದ ಸೂರ್ಯಕಾಂತಿ, ಸೋಯಾ ಅವರೆ, ಅಮೆರಿಕದ ಮೆಕ್ಕೆಜೋಳ ಅವರು ತರಿಸಿದ ಪಟ್ಟಿಯಲ್ಲಿವೆ. ಹೊಲದಲ್ಲಿನ ಈ ಕೆಲಸಕ್ಕೆ ಫೋಟೊ ಇಲ್ಲ, ಹಾಗಾಗಿ ಫಾರ್ವರ್ಡ್ ಕೂಡ ಇಲ್ಲ.

ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರಿಗೆ ತೋಟಗಳ ಮೇಲೆ ಬಹಳ ಪ್ರೀತಿ. ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ಉದ್ಯಾನದ ಕೆಲಸ 1927ರಲ್ಲಿ ಶುರುವಾಗಿ 1932ರ ಹೊತ್ತಿಗೆ ಮುಗಿಯಿತು. ಅದರ ವಿನ್ಯಾಸದ ಹಿಂದೆ ಕ್ರುಂಬಿಗಲ್ ಇದ್ದರು. ಅದೇ 1932ರಲ್ಲಿ ಅವರು ನಿವೃತ್ತರಾದರು. ಅವರ ನಂತರ ಲಾಲ್‌ಬಾಗ್ ಹೊಣೆ ಹೊತ್ತವರು ರಾವ್ ಬಹದ್ದೂರ್ ಎಚ್. ಸಿ. ಜವರಾಯ. ಮುಂದೆ ಡಾ. ಎಂ. ಎಚ್. ಮರಿಗೌಡರು ಬಂದು ತೋಟಗಾರಿಕೆಯನ್ನು ರಾಜ್ಯದ ಹಳ್ಳಿಹಳ್ಳಿಗೆ ಒಯ್ದರು.

ನಿವೃತ್ತರಾದ ಮೇಲೂ ಕ್ರುಂಬಿಗಲ್ ಜರ್ಮನಿಗೆ ಮರಳಲಿಲ್ಲ. ಸರ್ಕಾರಕ್ಕೆ ಸಲಹೆ ಕೊಡುತ್ತಾ ಬೆಂಗಳೂರಿನಲ್ಲೇ ಉಳಿದರು. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಮತ್ತೆ ಭಾರತದಲ್ಲಿದ್ದ ಜರ್ಮನ್ನರನ್ನು ಶತ್ರುಗಳೆಂದು ಪಟ್ಟಿ ಮಾಡಿ ಶಿಬಿರಗಳಿಗೆ ಕಳಿಸತೊಡಗಿತು. ಎಪ್ಪತ್ತು ದಾಟಿದ್ದ, ಆ ಊರಿಗೆ ಮೂವತ್ತು ವರ್ಷ ನೆರಳು ಬೆಳೆಸಿದ್ದ ಮನುಷ್ಯನೂ ಆ ಗುಮಾನಿಯಿಂದ ಹೊರಗಿರಲಿಲ್ಲ. ತಮ್ಮ ಕೈಕೆಳಗೆ ಬೆಳೆದ ಮರಗಳು ರಸ್ತೆಗೆ ಕಮಾನು ಕಟ್ಟುತ್ತಿದ್ದ ಕಾಲದಲ್ಲಿ ಅವರು ಲೆಕ್ಕದಲ್ಲಿ ಪರದೇಶಿಯಾಗಿಯೇ ಇದ್ದರು.

ದೇಶ ಸ್ವತಂತ್ರವಾದದ್ದನ್ನು ಅವರು ನೋಡಿದರು. 1956ರ ಫೆಬ್ರವರಿ 8ರಂದು, ತೊಂಬತ್ತು ವರ್ಷ ತುಂಬಿದ ಮೇಲೆ ಬೆಂಗಳೂರಿನಲ್ಲೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಲಾಲ್‌ಬಾಗ್ ಪಕ್ಕದ ಒಂದು ರಸ್ತೆಗೆ ಅವರ ಹೆಸರಿದೆ. ಲಾಲ್‌ಬಾಗಿನೊಳಗೆ ಅವರ ಹೆಸರು ಹೊತ್ತಿದ್ದ ಹಳೆಯ ಸಭಾಂಗಣ ವರ್ಷಗಟ್ಟಲೆ ದುರಸ್ತಿ ಇಲ್ಲದೆ ನಿಂತು 2017ರ ನವೆಂಬರ್‌ನಲ್ಲಿ ಕುಸಿದುಬಿತ್ತು.

ಹಾಗಾದರೆ ಆ ಗುಲಾಬಿ ಮರಗಳು?

ಜನವರಿಯ ಫೋಟೊದಲ್ಲಿರುವ ಗುಲಾಬಿ ಟಬೂಬಿಯಗಳಲ್ಲಿ ಬಹುಪಾಲು ಕ್ರುಂಬಿಗಲ್ ಕಾಲದವಲ್ಲ. ಅವು 1980ರ ದಶಕದ ಮತ್ತು ಅದರ ಈಚಿನ ಮರಗಳು. ಆಗ ಮುಖ್ಯಮಂತ್ರಿಯಾಗಿದ್ದ ಆರ್. ಗುಂಡೂರಾವ್ ಅವರ ಕಾಲದಲ್ಲಿ, 1982ರಲ್ಲಿ, ಬೆಂಗಳೂರನ್ನು ಹಸಿರು ಮಾಡುವ ಹೊಣೆ ಅರಣ್ಯ ಅಧಿಕಾರಿ ಎಸ್. ಜಿ. ನೇಗಿನಹಾಳ ಅವರಿಗೆ ಬಂತು. ಐದೇ ವರ್ಷಗಳಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ಅವರು ನೆಡಿಸಿದರು. ಪುಟ್ಟ ಸಸಿ ನೆಟ್ಟು ದನದ ಬಾಯಿಗೆ ಬಿಡುವ ಬದಲು ಎತ್ತರಕ್ಕೆ ಬೆಳೆಸಿದ ಗಿಡ ತಂದು, ಸುತ್ತ ಬೇಲಿ ಕಟ್ಟಿಸಿದ್ದೇ ಅವು ಉಳಿಯಲು ದೊಡ್ಡ ಕಾರಣ. ಅವರ ಹೆಸರು ಮಾತ್ರ ಜನವರಿಯ ಫಾರ್ವರ್ಡ್‌ನಲ್ಲಿ ಇರುವುದೇ ಇಲ್ಲ.

ಸರದಿಯ ಆಲೋಚನೆ ಕ್ರುಂಬಿಗಲ್ ಅವರದು, ಹಳೆಯ ಬಡಾವಣೆಗಳ ಹಲವು ಮರಗಳು ಅವರ ಕಾಲದವು. ಹೊಸ ಬಡಾವಣೆಗಳ ಗುಲಾಬಿ ಬಣ್ಣ ಬೇರೆಯವರ ಬೆವರಿನದು. ಇನ್ನು ಜಪಾನಿನ ಚೆರ್ರಿಗೂ ಇದಕ್ಕೂ ಸಂಬಂಧವೇ ಇಲ್ಲ. ಚೆರ್ರಿ ಗುಲಾಬಿಯ ಕುಟುಂಬದ್ದು, ಹೂ ಬಿಡಲು ಅದಕ್ಕೆ ಬೆಂಗಳೂರಿನಲ್ಲಿ ಸಿಗದಷ್ಟು ಉದ್ದನೆಯ ಚಳಿ ಬೇಕು. ಟಬೂಬಿಯ ಜಕರಂಡದ ಕುಟುಂಬದ್ದು. ಮುಂದಿನ ಸಲ ಮರದ ಕೆಳಗೆ ನಿಂತಾಗ ಉದುರಿದ ಹೂವೊಂದನ್ನು ಎತ್ತಿಕೊಳ್ಳಿ. ಐದು ಬಿಡಿ ಎಸಳಿನ ಬದಲು ಒಂದೇ ಕೊಳವೆಯ ಹಾಗಿದ್ದು ತುದಿಯಲ್ಲಿ ತುತ್ತೂರಿಯಂತೆ ಅರಳಿದ್ದರೆ, ಎಲೆ ಅಂಗೈಯ ಬೆರಳುಗಳ ಹಾಗೆ ಐದು ಕಿರುಎಲೆಗಳಾಗಿ ಹರಡಿದ್ದರೆ, ಅದು ಟಬೂಬಿಯ.